ಸೂಜಿಯಕ್ಕ ಮತ್ತು ಬಿಲದೊಳಗಿನ ಐದು ಜೀವ

ನಮ್ಮ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಎರಡು ಕೋಣೆಗಳು ಒಂದಕ್ಕೊಂದು ಬೆನ್ನು ಕೊಟ್ಟುಕೊಂಡಿವೆ. ಒಂದರಲ್ಲಿ ನಾನು ಕೂರುತ್ತೇನೆ. ಗಾಜಿನ ಪೆಟ್ಟಿಗೆಗಳ ಪಕ್ಕದಲ್ಲಿ ತೂಗುವ ಫಲಕಗಳನ್ನು ಬರೆಯುವುದು ನನ್ನ ಕೆಲಸ. ಇನ್ನೊಂದರಲ್ಲಿ ಕಲ್ಲಿನೊಳಗಿಂದ ಎಲುಬು ಬಿಡಿಸುತ್ತಾರೆ. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದವಳನ್ನು ನಾವೆಲ್ಲ ಸೂಜಿಯಕ್ಕ ಎಂದು ಕರೆಯುತ್ತಿದ್ದೆವು. ಮರದ ಹಿಡಿಗೆ ಸಿಕ್ಕಿಸಿದ ಸೂಜಿಯೊಂದು ಸದಾ ಅವಳ ಬೆರಳುಗಳ ನಡುವೆ ಇರುತ್ತಿತ್ತು, ಚಹಾ ಕುಡಿಯುವಾಗಲೂ.

ಇಲ್ಲಿಗೆ ಬರುವ ಮೊದಲು ಅವಳು ಕಟ್ಟುಹಲ್ಲು ತಯಾರಿಸುವ ಅಂಗಡಿಯಲ್ಲಿದ್ದಳು. ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಮುದುಕರ ಬಾಯಿಗೆ ಸರಿಹೊಂದುವಂತೆ ಉಜ್ಜುವ ಕೆಲಸ. ಹಲ್ಲಿನ ವಿಷಯದಲ್ಲಿ ಅವಳಿಗೆ ಯಾರೂ ಮೋಸ ಮಾಡುವಂತಿರಲಿಲ್ಲ. ಆದರೆ ಅವಳನ್ನು ಈ ಕೆಲಸದಲ್ಲಿ ಉಳಿಸಿದ್ದು ಹಲ್ಲಿನ ಜ್ಞಾನವಲ್ಲ, ಅವಳ ಹೆದರಿಕೆ. ಮನೆಯ ಬೀಗ ಹಾಕಿ ಬೀದಿ ತಿರುವಿನವರೆಗೆ ಬಂದು, ಹಾಕಿದೆನೋ ಇಲ್ಲವೋ ಎಂದು ವಾಪಸು ಹೋಗಿ ಬೀಗ ಜಗ್ಗಿ ನೋಡುವ ಜಾತಿ. ಒಲೆ ಆರಿಸಿದ್ದನ್ನು ಮೂರು ಸಲ ನೋಡದೆ ಹೊರಡಳು. ಅವಳ ಜೊತೆಯಲ್ಲೇ ಇದ್ದ ಅತ್ತೆ ಹೇಳುತ್ತಿದ್ದರಂತೆ: "ನಮ್ಮ ಸೊಸೆಗೆ ಚಿಂತೆ ಇಲ್ಲದ ದಿನ, ಯಾಕಪ್ಪಾ ಇವತ್ತು ಚಿಂತೆ ಇಲ್ಲ ಅಂತ ಚಿಂತೆ."

ಎಲುಬು ಬಿಡಿಸುವವರಿಗೆ ಆ ಹೆದರಿಕೆ ಬೇಕು. ಧೈರ್ಯವಂತರು ಕಲ್ಲಿಗೆ ಉಳಿ ಹಾಕಿ ಎಲುಬನ್ನೇ ಎಬ್ಬಿಸಿಬಿಡುತ್ತಾರೆ. ಸೂಜಿಯಕ್ಕ ಒಂದು ಸಾಸಿವೆಕಾಳಿನಷ್ಟು ಕಲ್ಲು ತೆಗೆಯುವ ಮೊದಲು ನಾಲ್ಕು ಸಲ ಯೋಚಿಸುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಲ್ಲಿ ಒಂದೇ ಒಂದು ತುಂಡೂ ಕಳೆದಿರಲಿಲ್ಲ. ಆ ಮಾತನ್ನು ನಾವು ಹೊಸಬರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆವು. ಹೇಳಿದಾಗಲೆಲ್ಲ ಅವಳ ಮುಖ ಸಪ್ಪಗಾಗುತ್ತಿತ್ತು. "ಹಾಗೆಲ್ಲ ಬಾಯಿಬಿಟ್ಟು ಹೇಳಬೇಡ್ರೋ," ಅನ್ನುತ್ತಿದ್ದಳು. "ಕೇಳಿಸಿಕೊಳ್ಳೋವು ಇರ್ತಾವೆ."

ಆ ವರ್ಷ ನಮ್ಮಲ್ಲಿಗೆ ಒಬ್ಬ ಸಂಶೋಧಕಿ ಬಂದರು. ಮೂವತ್ತು ದಾಟಿದ, ಬಿರಬಿರನೆ ನಡೆಯುವ ಹೆಣ್ಣುಮಗಳು. ನಾವು ಮೇಡಂ ಎನ್ನುತ್ತಿದ್ದೆವು. ಉಗ್ರಾಣದಲ್ಲಿ ಮೂವತ್ತು ವರ್ಷದಿಂದ ಪ್ಲಾಸ್ಟರ್ ಕವಚದೊಳಗೆ ಮಲಗಿದ್ದ ಒಂದು ಬಂಡೆಯನ್ನು ಅವರು ಹುಡುಕಿ ತೆಗೆದರು. ಅದನ್ನು ಅಗೆದು ತಂದ ಹಳೆಯ ಮನುಷ್ಯ ಕವಚದ ಮೇಲೆ ಬರೆದಿದ್ದುದು ಒಂದೇ ಮಾತು: "ಹಲ್ಲಿ?" ಎರಡು ದಿಂಬು ಜೋಡಿಸಿದಷ್ಟು ದೊಡ್ಡ ಕಲ್ಲು. ಕವಚ ಒಡೆಯಲು ಬಂದವನು ನಮ್ಮ ಪೀಪಾಯಿ. ಪ್ಲಾಸ್ಟರ್ ಕೆಲಸದವನು, ಹೊಟ್ಟೆಯ ಕಾರಣಕ್ಕೆ ಆ ಹೆಸರು. ಕವಚ ಬಿಚ್ಚಿದಾಗ ಕೆಂಪು ಕಲ್ಲಿನ ಮೇಲೆ ಒಂದು ಬೆನ್ನುಮೂಳೆಯ ಸಾಲು, ಅದರ ತುದಿಯಲ್ಲಿ ನಡುಬೆರಳಿನಷ್ಟು ಉದ್ದದ ತಲೆ.

ಅದು ಹಲ್ಲಿಯಲ್ಲ ಎಂದು ಮೇಡಂ ಮಧ್ಯಾಹ್ನದ ಊಟದ ಡಬ್ಬಿಗಳ ನಡುವೆ ವಿವರಿಸಿದರು. ವ್ಯಾರನೋಪಿಡ್ ಎನ್ನುವ ಕುಟುಂಬ. ನೋಡಲು ಉಡದ ಹಾಗೆ. ಸಣಕಲು ಮೈ, ನೀಳ ಕಾಲು, ಚೂಪು ಮೋರೆ, ಹಿಂದಕ್ಕೆ ಬಾಗಿದ ತೆಳ್ಳನೆಯ ಹಲ್ಲು. ಇಪ್ಪತ್ತಾರು ಕೋಟಿ ವರ್ಷದ ಹಿಂದಿನ ಪ್ರಾಣಿ.

"ಅಂದ್ರೆ ಡೈನೋಸಾರ್ ಕಾಲದ್ದು," ಎಂದ ಪೀಪಾಯಿ.

"ಡೈನೋಸಾರ್ ಹುಟ್ಟೋಕೆ ಇನ್ನೂ ಎರಡು ಮೂರು ಕೋಟಿ ವರ್ಷ ಇತ್ತು. ಇವು ನಮ್ಮ ಕಡೆಯವು, ಅಂದ್ರೆ ಹಾಲೂಡಿಸೋ ಪ್ರಾಣಿಗಳ ವಂಶದ ಕಡೆಯವು. ಕಣ್ಣಿನ ಹಿಂದೆ ತಲೆಬುರುಡೆಯಲ್ಲಿ ಒಂದೊಂದೇ ಕಿಂಡಿ. ದವಡೆಯ ಸ್ನಾಯು ಹಾಯೋಕೆ. ನಮಗೂ ಅದೇ ಕಟ್ಟಡ. ಹಲ್ಲು ಕಚ್ಚಿ ಕಣತಲೆ ಮೇಲೆ ಬೆರಳಿಡಿ ನೋಡೋಣ."

ನಾವೆಲ್ಲ ಊಟ ಬಿಟ್ಟು ಹಲ್ಲು ಕಚ್ಚಿಕೊಂಡು ಕಣತಲೆಗೆ ಬೆರಳಿಟ್ಟೆವು. ಒಳಗೆ ಏನೋ ಅಲುಗಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಇಣುಕಿದ ಕಾವಲುಗಾರ, ಎಲ್ಲರಿಗೂ ಒಟ್ಟಿಗೇ ತಲೆನೋವು ಬಂತೆಂದುಕೊಂಡು ಹೊರಟುಹೋದ.

"ಆ ಕಾಲದ ನಮ್ಮ ಕಡೆಯವರಲ್ಲಿ ಹೆಚ್ಚಿನವರು ದಪ್ಪ, ಭಾರ, ನಿಧಾನ," ಮೇಡಂ ಮುಂದುವರಿಸಿದರು. "ಈ ಮನೆತನ ಮಾತ್ರ ಚುರುಕು. ಹುಳ ಹುಪ್ಪಟೆ, ಸಣ್ಣಪುಟ್ಟ ಪ್ರಾಣಿ ಹಿಡಿದು ತಿನ್ನೋದು. ಕೆಲವು ಮರ ಹತ್ತುತ್ತಿದ್ದವು. ಆದ್ರೆ ಇವು ನಮ್ಮ ಕಡೆಯವೇ ಅಲ್ಲ, ಹಲ್ಲಿ ಮೊಸಳೆಗಳ ಕಡೆಯವು ಅಂತ ವಾದ ಮಾಡೋರೂ ಇದಾರೆ."

"ಇಪ್ಪತ್ತಾರು ಕೋಟಿ ವರ್ಷ ಆದ್ರೂ ನೆಂಟಸ್ತಿಕೆ ಜಗಳ ಮುಗಿದಿಲ್ಲ ಅನ್ನಿ," ಎಂದ ಪೀಪಾಯಿ.

ಸೂಜಿಯಕ್ಕ ನಗಲಿಲ್ಲ. ಆ ಕಲ್ಲನ್ನು ಬಿಡಿಸಬೇಕಾದವಳು ಅವಳೇ. ಹತ್ತು ವಾರದಲ್ಲಿ ಹೊಸ ಪ್ರದರ್ಶನಾಂಗಣ ತೆರೆಯಲಿತ್ತು. ಆ ಪ್ರಾಣಿ ಕಲ್ಲಿನಿಂದ ಪೂರ್ತಿ ಹೊರಬಂದು ಗಾಜಿನೊಳಗೆ ತನ್ನ ಕಾಲ ಮೇಲೆ ನಿಂತಿರಬೇಕೆಂದು ನಿರ್ದೇಶಕರು ಆಗಲೇ ಎಲ್ಲ ಕಡೆ ಹೇಳಿಕೊಂಡು ಬಂದಿದ್ದರು.

ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ಅವಳ ಬಲಗೈ ಆರು ತಿಂಗಳಿಂದ ಕೈಕೊಟ್ಟಿತ್ತು. ದಪ್ಪ ಕಲ್ಲು ತೆಗೆಯಲು ಅವಳು ಬಳಸುತ್ತಿದ್ದುದು ಗಾಳಿಯ ಒತ್ತಡದಿಂದ ಓಡುವ ಪೆನ್ನಿನಂಥ ಉಳಿ. ನಾವು ಏರ್ ಪೆನ್ ಎನ್ನುತ್ತೇವೆ. ಅದರ ತುದಿ ಕ್ಷಣಕ್ಕೆ ನೂರಾರು ಸಲ ಕುಟ್ಟುತ್ತದೆ, ಹಿಡಿದ ಕೈ ದಿನವಿಡೀ ಜುಮ್ಮೆನ್ನುತ್ತದೆ. ಮೊದಮೊದಲು ಸಂಜೆ ಬೆರಳು ಮರಗಟ್ಟುತ್ತಿತ್ತು, ಆಮೇಲೆ ಬೆಳಿಗ್ಗೆಯೂ. ಚಳಿಗಾಲ ಬಂದಾಗ ಎರಡು ಬೆರಳು ತುದಿಯಿಂದ ನಡುಗಂಟಿನವರೆಗೆ ಸುಣ್ಣ ಬಳಿದಂತೆ ಬೆಳ್ಳಗಾಗತೊಡಗಿದವು. ದಿನಕ್ಕೆ ಎಷ್ಟು ಹೊತ್ತು ಆ ಪೆನ್ ಹಿಡಿಯಬಹುದು ಎಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ. ಅವಳು ಕೋಟಿನ ಜೇಬಿನಲ್ಲಿ ಬಿಸಿನೀರಿನ ಸಣ್ಣ ಬಾಟಲಿ ಇಟ್ಟುಕೊಂಡು, ಬಾಗಿಲ ಸದ್ದಾದಾಗಲೆಲ್ಲ ಕೈಯನ್ನು ಅದರ ಪಕ್ಕಕ್ಕೆ ತೂರಿಸುತ್ತಿದ್ದಳು.

ಮನೆಯಲ್ಲಿ ಅತ್ತೆಯ ಕಣ್ಣಿಗೆ ಮಣ್ಣೆರಚಲು ಆಗಲಿಲ್ಲ. ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ದೃಷ್ಟಿ ಮಸುಕಾದ ಮೇಲೆ ಕತ್ತರಿ ಕೆಳಗಿಟ್ಟವರು. ಒಂದು ಬೆಳಿಗ್ಗೆ ಸೊಸೆ ಕೋಟಿನ ಗುಂಡಿ ಹಾಕಲು ಒದ್ದಾಡುತ್ತಿದ್ದಾಗ ಬಂದು ತಾವೇ ಗುಂಡಿ ಹಾಕಿದರು.

"ಎಷ್ಟು ದಿನದಿಂದ ಹೀಗೆ?"

"ಏನೂ ಇಲ್ಲ ಅತ್ತೆ, ಚಳಿ."

"ಚಳಿ ನನಗೂ ಆಗ್ತಿದೆ. ನನ್ನ ಕೈ ಗುಂಡಿ ಹಾಕ್ತಿದೆ." ಅತ್ತೆ ಅವಳ ಬೆರಳನ್ನು ಗಟ್ಟಿಯಾಗಿ ಚಿವುಟಿದರು. "ಗೊತ್ತಾಯ್ತಾ?"

ಅವಳಿಗೆ ಗೊತ್ತಾಗಿರಲಿಲ್ಲ. ಆದರೂ "ಆಯ್ತು, ನೋವಾಯ್ತು" ಎಂದಳು.

"ಸುಳ್ಳಿ," ಎಂದರು ಅತ್ತೆ. "ನಾನೂ ಕಣ್ಣು ಕಾಣ್ತದೆ ಕಾಣ್ತದೆ ಅಂತ ಒಂದು ವರ್ಷ ಎಳೆದೆ. ಕೊನೆಗೆ ಒಬ್ಬರ ಕೋಟಿನ ತೋಳು ಕತ್ತರಿಸಿಬಿಟ್ಟೆ. ಕೋಟು ಇನ್ನೊಂದು ಹೊಲೀಬಹುದು. ನಿನ್ನ ಆ ಕಲ್ಲಿನ ಪ್ರಾಣಿಗೆ ಇನ್ನೊಂದು ತೋಳು ಎಲ್ಲಿಂದ ತರ್ತೀಯ?"

ಮಗನಿಗೆ ಹೇಳಬೇಡಿ ಎಂದು ಸೊಸೆ ಬೇಡಿಕೊಂಡಳು. ಮಗ, ಅಂದರೆ ಸೂಜಿಯಕ್ಕನ ಗಂಡ, ಶಾಲೆಯ ಬಸ್ಸು ಓಡಿಸುವವನು. ಗೊತ್ತಾದರೆ ಅವನು ನೇರ ಬಸ್ಸು ತಿರುಗಿಸಿಕೊಂಡು ನಿರ್ದೇಶಕರ ಕೋಣೆಗೇ ಬರುವ ಆಸಾಮಿ. ಹತ್ತು ವಾರ ಮುಗಿಯಲಿ, ಈ ಪ್ರಾಣಿಯೊಂದು ದಡ ಸೇರಲಿ, ಆಮೇಲೆ ವೈದ್ಯರಿಗೆ ತೋರಿಸುತ್ತೇನೆ ಎಂದಳು. ಅತ್ತೆ ಮಗನಿಗೆ ಹೇಳಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಗುಂಡಿ ಹಾಕತೊಡಗಿದರು.

ಮೂರನೆಯ ವಾರ ದೊಡ್ಡ ಪ್ರಾಣಿಯ ಹೊಟ್ಟೆಯ ಬಳಿ ಹೆಬ್ಬೆರಳ ಉಗುರಿನಷ್ಟು ಒಂದು ಪುಟ್ಟ ತಲೆ ಕಾಣಿಸಿತು. ಐದನೆಯ ವಾರ ಇನ್ನೊಂದು. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ.

"ಇದೇ ಜಾತಿಯ ಮರಿಗಳಾ ಮೇಡಂ?"

"ಇರಬಹುದು. ಅಥವಾ ತಿಂದ ಬೇಟೆ ಇರಬಹುದು. ಅಥವಾ ಪ್ರವಾಹ ಬಂದು ಸತ್ತವನ್ನೆಲ್ಲ ಒಂದು ಮೂಲೆಗೆ ಗುಡಿಸಿ ಹಾಕಿರಬಹುದು. ಹಲ್ಲು ನೋಡಿದ್ರೆ ಗೊತ್ತಾಗುತ್ತೆ ಅಕ್ಕ. ಮರಿಯ ಹಲ್ಲು ದೊಡ್ಡದರ ಹಾಗೇ ಇದ್ರೆ ಒಂದೇ ಜಾತಿ. ಹಾಗಾದ್ರೆ…" ಅವರು ಮಾತು ನುಂಗಿದರು. ಒಂದೇ ಜಾತಿಯಾಗಿ, ಒಟ್ಟಿಗೆ ಬದುಕಿದ್ದರೆ, ಅಷ್ಟು ಹಿಂದೆಯೇ ದೊಡ್ಡವು ಮರಿಗಳ ಜೊತೆ ಇರುತ್ತಿದ್ದವು ಎಂದಾಗುತ್ತದೆ.

ನಿರ್ದೇಶಕರಿಗೆ ಆ "ಹಾಗಾದ್ರೆ" ಬೇಕಿರಲಿಲ್ಲ, ದಿನಾಂಕ ಬೇಕಿತ್ತು. ದೊಡ್ಡ ಪ್ರಾಣಿಯನ್ನು ಬಿಡಿಸಿ ನಿಲ್ಲಿಸಿ, ಮರಿಗಳನ್ನು ಬೇರೆ ತಟ್ಟೆಯಲ್ಲಿಡಿ ಎಂದರು. ಹಾಗೆ ಮಾಡಬೇಕಾದರೆ ನಡುವಿನ ಕಲ್ಲನ್ನೆಲ್ಲ ತೆಗೆಯಬೇಕು. ಮೇಡಂ ಎರಡು ದಿನ ವಾದ ಮಾಡಿ, ಸಾಕಾಗಿ, ಒಪ್ಪಿಕೊಂಡರು. ಏರ್ ಪೆನ್ ಮತ್ತೆ ಗೋಡೆಯಾಚೆಯಿಂದ ಇಡೀ ದಿನ ನನ್ನ ಕಿವಿಯಲ್ಲಿ ಗುಂಯ್‌ಗುಡತೊಡಗಿತು.

ಅದು ಒಂದು ಮಂಗಳವಾರ, ಹನ್ನೊಂದು ಗಂಟೆಯ ಹೊತ್ತು. ಸದ್ದು ಥಟ್ಟನೆ ನಿಂತಿತು. ಸದ್ದು ದಿನಕ್ಕೆ ಐವತ್ತು ಸಲ ನಿಲ್ಲುತ್ತದೆ, ನಾನು ತಲೆ ಎತ್ತಲಿಲ್ಲ. ಆ ಕ್ಷಣ ಏನಾಯಿತೆಂದು ಅವಳು ಬಹಳ ದಿನದ ಮೇಲೆ ನನಗೆ ಹೇಳಿದಳು. ಬೆರಳಿಗೆ ಪೆನ್ ಹಿಡಿದಿರುವುದೇ ಗೊತ್ತಾಗುತ್ತಿರಲಿಲ್ಲವಂತೆ. ಕಣ್ಣು ನೋಡುತ್ತಿದ್ದ ಜಾಗ ಒಂದು, ಪೆನ್ನಿನ ತುದಿ ಜಾರಿದ ಜಾಗ ಇನ್ನೊಂದು. ಎರಡನೆಯ ಮರಿಯ ಎಡ ದವಡೆಯ ತುದಿ, ಅಕ್ಕಿಯ ನುಚ್ಚಿನಷ್ಟು ಚೂರು, ಅದರ ಮೇಲೆ ಮೂರು ಹಲ್ಲು. ಟಪ್ ಎಂದು ಹಾರಿದ್ದು ಕಂಡಿತು. ಬಿದ್ದದ್ದು ಕಾಣಲಿಲ್ಲ.

ಅವಳು ಉಸಿರು ಬಿಡದೆ ಕೂತಳು. ಉಸಿರು ಬಿಟ್ಟರೆ ಅದೂ ಹಾರಿಹೋದೀತು. ಆಮೇಲೆ ಮೇಜು, ಮಡಿಲು, ತೋಳಿನ ಮಡಿಕೆ, ನೆಲ ಎಲ್ಲವನ್ನೂ ಕುಂಚದಿಂದ ಬಾಚಿದಳು. ಧೂಳು ಹೀರುವ ಕೊಳವೆ ಕಲ್ಲಿನ ಪಕ್ಕದಲ್ಲೇ ಬಾಯಿ ತೆರೆದುಕೊಂಡು ನಿಂತಿತ್ತು. ಅದರೊಳಗೆ ಹೋಗಿದ್ದರೆ ದೊಡ್ಡ ಚೀಲದ ಧೂಳಿನಲ್ಲಿ ಸೇರಿರುತ್ತದೆ. ಈಗಲೇ ಚೀಲ ಬಿಚ್ಚಿದರೆ ಯಾಕೆಂದು ಎಲ್ಲರೂ ಕೇಳುತ್ತಾರೆ. ಅದನ್ನು ಪೀಪಾಯಿ ಶುಕ್ರವಾರ ಖಾಲಿ ಮಾಡುತ್ತಾನೆ. ಮಂಗಳ, ಬುಧ, ಗುರು. ಅವಳು ಲೆಕ್ಕ ಹಾಕಿದಳು.

ಹೇಳಬಹುದಿತ್ತು. ಗೋಡೆಯ ಈಚೆ ನಾನಿದ್ದೆ, ಮೇಲಿನ ಮಹಡಿಯಲ್ಲಿ ಮೇಡಂ ಇದ್ದರು. "ಹೇಳಿದ್ರೆ ಯಾಕೆ ಜಾರಿತು ಅಂತ ಕೇಳ್ತಾರೆ," ಅವಳು ನನಗೆ ಹೇಳಿದ್ದು ಇಷ್ಟು. "ಯಾಕೆ ಅಂತ ಹೇಳಿದ್ರೆ ಕೈ ತೋರಿಸಬೇಕು. ಕೈ ತೋರಿಸಿದ್ರೆ ನಾನು ಯಾರು? ಸೂಜಿಯಿಲ್ಲದ ಅಕ್ಕ."

ಆ ಮೂರು ದಿನ ಊಟದ ಹೊತ್ತಿಗೆ ನಾವು ಕರೆದರೆ ಹಸಿವಿಲ್ಲ ಎಂದಳು. ಮೇಡಂ ಬಂದು ಮರಿಯ ದವಡೆ ನೋಡುತ್ತೇನೆ ಎಂದಾಗ, ಅಂಟು ಹಚ್ಚಿದ್ದೇನೆ, ಒಣಗಲಿ ಎಂದು ಸುಳ್ಳು ಹೇಳಿದಳು. ಹೇಳಿದ ಮೇಲೆ ಸುಳ್ಳನ್ನು ನಿಜ ಮಾಡಲು ನಿಜವಾಗಿಯೂ ಅಂಟು ಹಚ್ಚಿದಳು. ಅವಳ ಜೀವಮಾನದಲ್ಲಿ ಕೆಲಸದ ಬಗ್ಗೆ ಹೇಳಿದ ಮೊದಲ ಸುಳ್ಳು ಅದು, ಅದರ ಹಿಂದೆಯೇ ಎರಡನೆಯದು. ಕೋಟು ಕಳಚುವುದನ್ನೇ ಬಿಟ್ಟಳು. ಮನೆಯಲ್ಲಿ ಗಂಡ "ಯಾಕೆ ಬಾಯಿಗೆ ಬೀಗ?" ಎಂದರೆ ಬೀಗ ಎಂಬ ಮಾತಿಗೇ ಎದ್ದು ಹೋಗಿ ಬಾಗಿಲು ನೋಡಿ ಬಂದಳಂತೆ.

ಕೆಲಸದ ಸಮಯದಲ್ಲಿ ಅವಳು ಮಾಡುತ್ತಿದ್ದುದು ಹುಡುಕಾಟ ಒಂದೇ. ಆ ಚೂರು ಕಲ್ಲಿನ ಮೇಲೆಯೇ ಯಾವುದಾದರೂ ಬಿರುಕಿನಲ್ಲಿ ಸಿಕ್ಕಿಕೊಂಡಿರಬಹುದು ಎಂಬ ಆಸೆ. ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಕಾಣುವುದು ಉಗುರಿನಷ್ಟು ಜಾಗ. ಹಾಗೆ ನೋಡಿ ಸಾಕಾಗಿ, ಗುರುವಾರ ಮಧ್ಯಾಹ್ನ ಕೈದೀಪವನ್ನು ಕಲ್ಲಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು, ಮೂರು ಹೆಜ್ಜೆ ಹಿಂದೆ ಸರಿದು, ಇಡೀ ಬಂಡೆಯನ್ನು ಒಟ್ಟಿಗೆ ನೋಡಿದಳು. ಏಳು ವಾರದಲ್ಲಿ ಹಾಗೆ ನೋಡಿದ್ದು ಅದೇ ಮೊದಲು.

ಕಲ್ಲಿನಲ್ಲಿ ಒಂದು ಗೆರೆಯಿತ್ತು. ಎಲುಬುಗಳ ಸುತ್ತ ನುಣುಪಾದ ಕೆಂಪು ಕಲ್ಲು. ಅದರಾಚೆ ತರಿತರಿಯಾದ ಹಸಿರುಬೂದಿ ಕಲ್ಲು. ಎರಡರ ನಡುವಿನ ಅಂಚು ಸೊಟ್ಟಪಟ್ಟ ಇರಲಿಲ್ಲ. ಬಟ್ಟಲಿನ ಅಂಚಿನ ಹಾಗೆ ದುಂಡಗೆ ತಿರುಗಿ, ಒಂದು ಕಡೆ ಕೊರಳಿನಂತೆ ಕಿರಿದಾಗಿ ಮೇಲಕ್ಕೆ ಹೋಗಿತ್ತು. ಇನ್ನೊಂದು ಕಡೆ ಗೆರೆ ಇರಲಿಲ್ಲ. ಆ ಭಾಗವನ್ನು ಕಳೆದ ವಾರ ಅವಳೇ ತೆಗೆದುಹಾಕಿದ್ದಳು.

ಅದು ಏನೆಂದು ಅವಳಿಗೆ ಹೆಸರು ಗೊತ್ತಿರಲಿಲ್ಲ, ಆದರೆ ಕಂಡದ್ದು ತಿಳಿಯಿತು. ಯಾರೋ ಅಗೆದ ಗುಳಿ. ಯಾವುದೋ ಮನೆ. ಆಮೇಲೆ ಅದರೊಳಗೆ ಕೆಸರು ತುಂಬಿದೆ. ತಾನು ಕೆಡವುತ್ತಿರುವುದು ಆ ಮನೆಯ ಗೋಡೆಯನ್ನೇ. ನಾಳೆ ಬೆಳಿಗ್ಗೆ ಉಳಿದ ಗೋಡೆಯ ಸರದಿ.

ಇದನ್ನು ಹೇಳದೆ ಇರುವಂತಿಲ್ಲ. ಹೇಳಿದರೆ, ಏಳು ವಾರ ಕಾಣದ್ದು ಇವತ್ತೇ ಹೇಗೆ ಕಂಡಿತು ಎಂದು ಕೇಳುತ್ತಾರೆ. ಗೆರೆಯ ಸುದ್ದಿಯಷ್ಟನ್ನೇ ಹೇಳಿ ದವಡೆಯ ಸುದ್ದಿ ಮುಚ್ಚಿಡುವ ದಾರಿಯನ್ನೂ ಅವಳು ಯೋಚಿಸಿದಳು, ಆಮೇಲೆ ನನಗೆ ಹೇಳುವಾಗ ಅದನ್ನೂ ಮುಚ್ಚಿಡಲಿಲ್ಲ. ಸಂಜೆ ಬಸ್ ನಿಲ್ದಾಣದಲ್ಲಿ ಮೂರು ಬಸ್ ಹೋಗಲು ಬಿಟ್ಟು ಯೋಚಿಸಿದಳಂತೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಕೋಟಿನ ಕೊನೆಯ ಗುಂಡಿ ಹಾಕುವಾಗ ಅವಳು ಅಳಲು ಶುರುಮಾಡಿದಳು. ಎಲ್ಲವನ್ನೂ ಹೇಳಿದಳು. ಅತ್ತೆ ಕೇಳಿ, "ಆ ಧೂಳಿನ ಚೀಲ ಎಷ್ಟು ಹೊತ್ತಿಗೆ ಖಾಲಿ ಮಾಡ್ತಾರೆ?" ಎಂದರು.

"ಹತ್ತಕ್ಕೆ."

"ಮತ್ತೆ ಇಲ್ಲಿ ನಿಂತು ಅಳ್ತಾ ಇದೀಯಲ್ಲ, ಓಡು."

ಬಸ್ಸು ತಡವಾಯಿತು. ಅವಳು ನೆಲಮಾಳಿಗೆಯ ಮೆಟ್ಟಿಲು ಇಳಿದಾಗ ಹತ್ತು ಗಂಟೆ ಐದು ನಿಮಿಷ. ಗೋಡೆಗೆ ತೂಗುಹಾಕಿದ ಚೀಲ ಬರಿದಾಗಿ ಜೋತುಬಿದ್ದಿತ್ತು. ಅವಳು ನನ್ನ ಬಾಗಿಲಿಗೆ ಬಂದು "ಪೀಪಾಯಿ ಎಲ್ಲಿ?" ಎಂದ ರೀತಿಗೆ ನಾನು ಕೈಯಲ್ಲಿದ್ದ ಕಾಗದ ಬಿಟ್ಟು ಎದ್ದೆ. ಇಬ್ಬರೂ ಹಿತ್ತಲಿಗೆ ಓಡಿದೆವು. ಪೀಪಾಯಿ ಕಸದ ಡಬ್ಬದ ಪಕ್ಕದಲ್ಲಿ ಧೂಳಿನ ಮೂಟೆ ಇಟ್ಟುಕೊಂಡು, ಡಬ್ಬದ ಮುಚ್ಚಳ ಸಿಕ್ಕಿಕೊಂಡಿದ್ದಕ್ಕೆ ಅದರ ವಂಶವನ್ನೆಲ್ಲ ಬೈಯುತ್ತಿದ್ದ.

"ಕೆಳಗಿಡು!" ಎಂದು ಅಕ್ಕ ಕೂಗಿದಳು.

"ಕೆಳಗೇ ಇದೆಯಲ್ಲಕ್ಕ. ಏನಾಯ್ತು?"

ಅವಳು ಆ ಮೂಟೆಯ ಮೇಲೆ ಎರಡೂ ಕೈ ಊರಿ ಹಾಗೇ ಕೂತುಬಿಟ್ಟಳು. ಆಗ ನಾನು ಅವಳ ಬೆರಳು ನೋಡಿದೆ. ಮೂರು ಬೆರಳು ಪ್ಲಾಸ್ಟರಿನಲ್ಲಿ ಅದ್ದಿ ತೆಗೆದಂತಿದ್ದವು.

ಮೇಡಂ ಎದುರು ಅವಳು ನಿಂತೇ ಹೇಳಿದಳು. ದವಡೆ, ಅಂಟಿನ ಸುಳ್ಳು, ಕೈ, ಗೆರೆ, ಎಲ್ಲ ಒಂದೇ ಉಸಿರಿಗೆ. ಮೇಡಂ ಮುಖ ಕೆಂಪಾಯಿತು.

"ಮೂರು ದಿನ? ಅಕ್ಕ, ನಾನು ದಿನಾ ಬಂದು ಕೇಳ್ತಿದ್ದೆ. ದಿನಾ!"

"ಹೌದು."

"ಆ ಹಲ್ಲಿನ ಮೇಲೇ ನನ್ನ ವಾದವೆಲ್ಲ ನಿಂತಿದ್ದು. ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಅದಕ್ಕೇ ಹೇಳೋಕೆ ಬಾಯಿ ಬರಲಿಲ್ಲ. ಬೈಯೋದು ಆಮೇಲೆ ಬೈಯಿರಿ, ಮೊದಲು ಆ ಗೆರೆ ನೋಡಿ."

ಮೇಡಂ ಕೆಳಗೆ ಬಂದು, ಕೈದೀಪ ಅಡ್ಡ ಹಿಡಿದು, ಮೂರು ಹೆಜ್ಜೆ ಹಿಂದೆ ಸರಿದು ನೋಡಿದರು. ಬೆರಳಿನಿಂದ ಗಾಳಿಯಲ್ಲೇ ಆ ದುಂಡು ಅಂಚನ್ನು ಬರೆದರು. "ಇದು ಬಿಲ," ಎಂದರು ಕೊನೆಗೆ. "ಇರಬಹುದು. ಬಿಲ ಇರಬಹುದು. ಯಾರೂ ಏನೂ ಮುಟ್ಟಬೇಡಿ." ಆಮೇಲೆ ನಿರ್ದೇಶಕರ ಕೋಣೆಗೆ ಹೋದರು. ಅಲ್ಲಿಂದ ಅರ್ಧ ಗಂಟೆ ಅವರ ಧ್ವನಿ ಮಾತ್ರ ಕೇಳುತ್ತಿತ್ತು. ಹೊಸ ಪ್ರದರ್ಶನಾಂಗಣ ಆ ಪ್ರಾಣಿಯಿಲ್ಲದೆಯೇ ತೆರೆಯುವುದೆಂದು ತೀರ್ಮಾನವಾಯಿತು. ನಿರ್ದೇಶಕರು ವಾರವಿಡೀ ಯಾರ ಮುಖವನ್ನೂ ನೋಡಲಿಲ್ಲ.

ಆರು ದಿನ ನಾವು ಧೂಳು ಜರಡಿ ಹಿಡಿದೆವು. ಮೂರು ಜರಡಿ, ಒಂದಕ್ಕಿಂತ ಒಂದು ಸಣ್ಣ ಕಣ್ಣಿನವು. ಮೊದಲು ಒಣದಾಗಿ, ಆಮೇಲೆ ನೀರಿನಲ್ಲಿ. ಸೂಜಿಯಕ್ಕ ಎಡಗೈಯಲ್ಲಿ ಚಿಮುಟ ಹಿಡಿಯಲು ಕಲಿತಳು. ಪೀಪಾಯಿಯ ಮೀಸೆ ಆರು ದಿನವೂ ಕೆಂಪಗಿತ್ತು. ದವಡೆಯ ತುದಿ ಸಿಗಲಿಲ್ಲ. ಸಿಕ್ಕಿದ್ದು ಸಾಸಿವೆಗಿಂತ ಚಿಕ್ಕ ಎಲುಬಿನ ಹರಳುಗಳು, ಅರವತ್ತಕ್ಕೂ ಹೆಚ್ಚು. ಈ ಕುಟುಂಬದ ಕೆಲವಕ್ಕೆ ಬೆನ್ನಿನ ಚರ್ಮದಲ್ಲಿ ಇಂಥ ಹರಳಿನ ಸಾಲು ಇರುತ್ತದೆಂದು ಮೇಡಂ ಹೇಳಿದರು. ದೊಡ್ಡದರ ಬೆನ್ನಿನ ಹರಳೂ ಇವೂ ಒಂದೇ ಆಕಾರ, ಅಳತೆ ಮಾತ್ರ ಕಾಲುಭಾಗ. ಅಂಚುಗಳು ಚೂಪಾಗಿಯೇ ಇದ್ದವು. ಹೊಟ್ಟೆಯೊಳಗೆ ಅರಗಿದ ಎಲುಬಿಗೆ ಅಂಥ ಅಂಚು ಉಳಿಯುವುದಿಲ್ಲ. ಅಂದರೆ ದೊಡ್ಡದು ಇವನ್ನು ತಿಂದಿರಲಿಲ್ಲ.

ಕಲ್ಲಿನೊಳಗೆ ಇನ್ನೇನಿದೆ ಎಂದು ಕೆತ್ತದೆ ನೋಡಲು ಒಂದೇ ದಾರಿ. ಒಂದು ಆಸ್ಪತ್ರೆಯವರು ಭಾನುವಾರ, ರೋಗಿಗಳೆಲ್ಲ ಮುಗಿದ ಮೇಲೆ, ಸಿಟಿ ಸ್ಕ್ಯಾನ್ ಯಂತ್ರ ಬಿಟ್ಟುಕೊಡಲು ಒಪ್ಪಿದರು. ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ಸೂಜಿಯಕ್ಕನ ಗಂಡನ ಬಸ್ಸಿನಲ್ಲಿ ಒಯ್ದೆವು. ಅವನಿಗೆ ಈ ಹೊತ್ತಿಗೆ ಎಲ್ಲ ತಿಳಿದಿತ್ತು. ಬಸ್ಸನ್ನು ಅವನು ಅಷ್ಟು ನಿಧಾನ ಓಡಿಸಿದ್ದನ್ನು ನಾನು ನೋಡಿಲ್ಲ, ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಯಂತ್ರ ನಡೆಸುವವನು ಕಲ್ಲನ್ನು ನೋಡಿ, "ರೋಗಿ ಅಲುಗಾಡಲ್ಲ ತಾನೆ?" ಎಂದ. ಯಾರೂ ನಗದಿದ್ದುದಕ್ಕೆ ಪಾಪ, ಅವನೇ ನಕ್ಕ.

ಹೊರಗಿನ ಬೆಂಚಿನಲ್ಲಿ ಅಕ್ಕ ನನ್ನ ಪಕ್ಕ ಕೂತಿದ್ದಳು. "ತೆಗೆದುಹಾಕಿದ ಆ ಕಡೆಯಲ್ಲಿ ಇನ್ನೊಂದು ಇತ್ತೇನೋ," ಎಂದಳು. "ನಾನು ನೋಡದೇನೇ ಪುಡಿ ಮಾಡಿಬಿಟ್ಟೆನೇನೋ." ಧೂಳಿನಲ್ಲಿ ಅಂಥದ್ದೇನೂ ಸಿಕ್ಕಿಲ್ಲವಲ್ಲ ಎಂದೆ. "ಹಿಂದಿನ ವಾರಗಳ ಧೂಳು?" ಎಂದಳು. ಆ ಧೂಳು ಎಂದೋ ಕಸಕ್ಕೆ ಹೋಗಿತ್ತು. ಅವಳು ಬೆರಳುಗಳನ್ನು ಎಣಿಸುವಂತೆ ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಏಳುತ್ತಿದ್ದೆವು. ಬರುತ್ತಿದ್ದವರು ಬೇರೆ ಯಾರೋ.

ಮೇಡಂ ಹೊರಬಂದು ಅಕ್ಕನ ಕೈ ಹಿಡಿದು ಒಳಗೆ ಕರೆದೊಯ್ದರು. ಪರದೆಯ ಮೇಲೆ ಬೂದು ಬಣ್ಣದ ನಡುವೆ ಬಿಳಿ ಎಲುಬುಗಳು. ಎರಡಲ್ಲ, ನಾಲ್ಕು ಮರಿ. ನಾಲ್ಕೂ ಒಂದೇ ಅಳತೆಯವು, ಒಂದೇ ಸಲ ಹುಟ್ಟಿದವಿರಬೇಕು. ದೊಡ್ಡದು ಬಾಲ ಸುತ್ತಿಕೊಂಡು ಮಲಗಿತ್ತು. ಎಲ್ಲವುಗಳ ತಲೆ ಒಂದೇ ಕಡೆಗೆ, ಬಿಲದ ಒಳಮೂಲೆಗೆ. ನಾಲ್ಕನೆಯ ಮರಿ ದೊಡ್ಡದರ ಮುಂಗಾಲಿನ ಕೆಳಗಿತ್ತು. ಆ ಶುಕ್ರವಾರ ಅಕ್ಕ ಎಂದಿನಂತೆ ಕೆಲಸ ಶುರುಮಾಡಿದ್ದರೆ ಏರ್ ಪೆನ್ ಮೊದಲು ಇಳಿಯಬೇಕಿದ್ದದ್ದು ಅದೇ ಜಾಗಕ್ಕೆ. ತೆಗೆದುಹಾಕಿದ ಕಡೆ ಯಾವ ಎಲುಬೂ ಅರ್ಧಕ್ಕೆ ತುಂಡಾಗಿರಲಿಲ್ಲ.

"ಒಂದೇ ಏಟಿಗೆ ಕೆಸರು ನುಗ್ಗಿದೆ," ಎಂದರು ಮೇಡಂ. "ಓಡೋಕೂ ಸಮಯ ಸಿಕ್ಕಿಲ್ಲ."

ಅಕ್ಕ ಪರದೆಯನ್ನು ನೋಡುತ್ತಲೇ ಇದ್ದಳು. ಸಮಾಧಾನವಾಯಿತೇ ಎಂದು ಆಮೇಲೆ ಕೇಳಿದೆ. "ಎಲ್ಲಿಯ ಸಮಾಧಾನ," ಎಂದಳು. "ಇನ್ನೊಂದೇ ದಿನ ಬಾಯಿ ಮುಚ್ಚಿಕೊಂಡಿದ್ರೆ?"

ನಿರ್ದೇಶಕರು ಈಗ ಖುಷಿಯಾಗಿ ಫಲಕಕ್ಕೆ "ತಾಯಿ ಮತ್ತು ಮಕ್ಕಳು" ಎಂದು ಬರೆಯಲು ನನಗೆ ಹೇಳಿಕಳಿಸಿದರು. ಮೇಡಂ ಅದನ್ನು ಹೊಡೆದುಹಾಕಿದರು. "ತಾಯಿಯೋ ತಂದೆಯೋ ಯಾರಿಗೆ ಗೊತ್ತು?" ಪೀಪಾಯಿ, "ಸೋದರಮಾವ ಅಂತ ಹಾಕಿಬಿಡಿ, ಯಾರೂ ಪ್ರಶ್ನೆ ಮಾಡಲ್ಲ" ಎಂದ. ಏಳು ಸಲ ತಿದ್ದಿದ ಮೇಲೆ ಉಳಿದದ್ದು "ಒಂದು ದೊಡ್ಡದು, ನಾಲ್ಕು ಮರಿಗಳು, ಒಟ್ಟಿಗೆ ಇದ್ದಾಗ ಹೂತುಹೋದವು" ಎಂದಷ್ಟೆ. ಕಲ್ಲಿನ ಸಮೇತವೇ ಗಾಜಿನೊಳಗೆ ಇಟ್ಟೆವು, ಗೆರೆ ಕಾಣುವಂತೆ ದೀಪ ಅಡ್ಡಲಾಗಿ ಹಾಕಿ.

ಮೇಡಂ ಬರೆದ ಸಂಶೋಧನಾ ಲೇಖನದಲ್ಲಿ ಒಂದು ವಾಕ್ಯ ಸೇರಿಸಲೇಬೇಕೆಂದು ಅಕ್ಕ ಉಡದ ಪಟ್ಟು ಹಿಡಿದಳು: ಎರಡನೆಯ ಮರಿಯ ಎಡ ದವಡೆಯ ತುದಿ, ಮೂರು ಹಲ್ಲುಗಳ ಸಹಿತ, ಕಲ್ಲು ಬಿಡಿಸುವಾಗ ಕಳೆದುಹೋಗಿದೆ. "ಮೊದಲೇ ಮುರಿದಿತ್ತು ಅಂತ ಓದೋರು ತಿಳ್ಕೋಬಾರದು," ಎಂದಳು. ಮೇಡಂ ಬೇಡವೆಂದರು, ಇಂಥವು ಎಲ್ಲ ಕಡೆ ಆಗುತ್ತವೆ ಎಂದರು. ಅಕ್ಕ ಬಗ್ಗಲಿಲ್ಲ. ವಾಕ್ಯ ಅಚ್ಚಾಯಿತು.

ವೈದ್ಯರು ಅವಳ ಕೈಯನ್ನು ತಣ್ಣೀರಲ್ಲಿ ಅದ್ದಿಸಿ ನೋಡಿ, ಇನ್ನು ಮೇಲೆ ಅದುರುವ ಯಾವ ಉಪಕರಣವನ್ನೂ ಹಿಡಿಯುವಂತಿಲ್ಲ ಎಂದರು. ಸ್ಪರ್ಶ ಸ್ವಲ್ಪ ಮರಳಬಹುದು, ಪೂರ್ತಿ ಮರಳುವುದು ಅನುಮಾನ. ಅವಳನ್ನು ಕಳಿಸಿಬಿಡುತ್ತಾರೆಂದು ನಾವು ಹೆದರಿದ್ದೆವು. ಮೇಡಂ ನಿರ್ದೇಶಕರ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಕಲ್ಲನ್ನು ಯಾರು ಬೇಕಾದರೂ ಕೆತ್ತಬಹುದು, ಎಲ್ಲಿ ಕೆತ್ತಬಾರದೆಂದು ಹೇಳುವವರು ಬೇಕು ಎಂದರಂತೆ. ಈಗ ಗೋಡೆಯ ಮೇಲೆ ಒಂದು ಗಡಿಯಾರವಿದೆ, ಏರ್ ಪೆನ್ ಹಿಡಿದವರು ಇಷ್ಟು ನಿಮಿಷಕ್ಕೆ ಕೆಳಗಿಡಲೇಬೇಕು ಎಂಬ ನಿಯಮವಿದೆ. ಪೆನ್ ಹಿಡಿಯುವವಳು ಹೊಸಬಳು. ಗಡಿಯಾರ ರಿಪೇರಿ ಮಾಡುತ್ತಿದ್ದ ನಲವತ್ತರ ಹೆಂಗಸು, ಕೈ ಗಟ್ಟಿ, ಮಾತು ಕಮ್ಮಿ. ಸೂಜಿಯಕ್ಕ ಅವಳ ಎಡಗಡೆ ಕೂತು ನೋಡುತ್ತಾಳೆ. ದಿನಕ್ಕೆ ಅರ್ಧ ಗಂಟೆ ತಾನೂ ಸೂಜಿ ಹಿಡಿಯುತ್ತಾಳೆ, ಬೇಸಿಗೆಯಲ್ಲಿ ಮಾತ್ರ.

ಮೊನ್ನೆ ಉಗ್ರಾಣದಿಂದ ಅದೇ ಕಾಲದ ಇನ್ನೊಂದು ಬಂಡೆ ಬಂತು. ಹೊಸಬಳು ಮೊದಲ ಸಲ ಒಂದು ತಲೆಬುರುಡೆಯ ಅಂಚಿಗೆ ಪೆನ್ ಇಳಿಸುವ ದಿನ ಅಕ್ಕನಿಗೆ ನೋಡುತ್ತ ಕೂರಲು ಆಗಲಿಲ್ಲ. ಎದ್ದು ನನ್ನ ಕೋಣೆಗೆ ಬಂದು, ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಗೋಡೆಗೆ ಕಿವಿಕೊಟ್ಟು ನಿಂತಳು. ಸದ್ದು ಹರಿಯುತ್ತಿತ್ತು, ಸಣ್ಣಗಾಗುತ್ತಿತ್ತು, ಮತ್ತೆ ಏರುತ್ತಿತ್ತು.

"ಎಲುಬಿನ ಹತ್ತಿರ ಬಂದಳು," ಎಂದಳು ಪಿಸುಮಾತಿನಲ್ಲಿ. "ಕಲ್ಲಿನ ಸದ್ದೇ ಬೇರೆ, ಎಲುಬಿನ ಸದ್ದೇ ಬೇರೆ. ಕೇಳ್ತಾ?"

ನನಗೆ ಯಾವ ವ್ಯತ್ಯಾಸವೂ ಕೇಳಲಿಲ್ಲ. ಸದ್ದು ಥಟ್ಟನೆ ನಿಂತಿತು. ಅಕ್ಕ ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತಿದಳು. ನಾವಿಬ್ಬರೂ ಕಾದೆವು. ಆಚೆಯಿಂದ ಕುರ್ಚಿ ಸರಿದ ಸದ್ದು, ಆಮೇಲೆ ಹೊಸಬಳ ದನಿ: "ಅಕ್ಕಾ, ಒಂದ್ ನಿಮಿಷ ಬರ್ತೀರಾ? ಇಲ್ಲಿ ಕಲ್ಲಿನ ಬಣ್ಣ ಬದಲಾಗ್ತಿದೆ. ನಾನು ನಿಲ್ಲಿಸಿದೀನಿ."

"ಬಂದೆ, ಬಂದೆ, ಮುಟ್ಟಬೇಡ," ಎನ್ನುತ್ತ ಅಕ್ಕ ಓಡಿದಳು.